‘ಟ್ರಕ್’ ಅನ್ನೋ ಒಂದು ಪದ: ಮೈಲೇಜ್ ಕಾನೂನಿನ 50 ವರ್ಷ

ಕಾರು ತಗೊಂಡೆ ಅಂತ ಹೇಳಿದ ತಕ್ಷಣ ನಮ್ಮ ಕಡೆ ಬರೋ ಮೊದಲ ಪ್ರಶ್ನೆ ಯಾವ್ದು? ‘ಮೈಲೇಜ್ ಎಷ್ಟು ಕೊಡುತ್ತೆ?’ ಅಲ್ವಾ? ಇದೇ ಪ್ರಶ್ನೆಯನ್ನ ಒಂದು ಸರ್ಕಾರ ಕಾರ್ ಕಂಪನಿಗಳಿಗೆ ಕೇಳಿದಾಗ ಏನಾಯ್ತು ಅನ್ನೋದು ಇವತ್ತಿನ ಕತೆ. ಜಾಗ ಅಮೆರಿಕ.

1970ರ ದಶಕದ ಆರಂಭದಲ್ಲಿ ಅಲ್ಲಿ ಪೆಟ್ರೋಲ್ ಅಗ್ಗ, ಕಾರುಗಳು ದೈತ್ಯ. ಹೊಸ ಕಾರುಗಳ ಸರಾಸರಿ ಮೈಲೇಜ್ ಲೀಟರಿಗೆ 6 ಕಿ.ಮೀ. ಕೂಡ ಇರಲಿಲ್ಲ. 1973ರ ಅಕ್ಟೋಬರ್‌ನಲ್ಲಿ ಯುದ್ಧ ಶುರುವಾಗಿ ಅಮೆರಿಕ ಇಸ್ರೇಲ್ ಪರ ನಿಂತಿತು. ಸಿಟ್ಟಾದ ಅರಬ್ ದೇಶಗಳು ತೈಲ ಕೊಡೋದನ್ನೇ ನಿಲ್ಲಿಸಿದವು. ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದ ಕಚ್ಚಾತೈಲ ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರ ಹೋಯ್ತು. ಬಂಕ್‌ಗಳ ಮುಂದೆ ಉದ್ದುದ್ದ ಸಾಲು. ಕೆಲವು ರಾಜ್ಯಗಳಲ್ಲಂತೂ ನಂಬರ್ ಪ್ಲೇಟ್ ಸಮವೋ ಬೆಸವೋ ನೋಡಿ ಪೆಟ್ರೋಲ್ ಹಾಕ್ತಿದ್ರು.

1975ರ ಡಿಸೆಂಬರ್ 22ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಒಂದು ಕಾನೂನಿಗೆ ಸಹಿ ಹಾಕಿದರು. ಅದರಿಂದ ಬಂದ ನಿಯಮಕ್ಕೆ ‘ಕೆಫೆ’ ಅಂತಾರೆ. ಕಾಫಿಗೂ ಇದಕ್ಕೂ ಸಂಬಂಧ ಇಲ್ಲ! ಒಂದು ಕಂಪನಿ ವರ್ಷದಲ್ಲಿ ಮಾರಿದ ಎಲ್ಲ ಕಾರುಗಳ ಸರಾಸರಿ ಮೈಲೇಜ್ ಇಷ್ಟಿರಲೇಬೇಕು ಅನ್ನೋದು ನಿಯಮ. 1985ರ ಗುರಿ ಗ್ಯಾಲನ್‌ಗೆ 27.5 ಮೈಲಿ, ಅಂದ್ರೆ ಲೀಟರಿಗೆ ಸುಮಾರು 11.7 ಕಿ.ಮೀ. ತಪ್ಪಿದ್ರೆ ಪ್ರತಿ 0.1 ಮೈಲಿಗೆ 5 ಡಾಲರ್ ದಂಡ, ಅದೂ ಮಾರಿದ ಒಂದೊಂದು ಕಾರಿಗೂ.

ಇದರಿಂದ ಕಾರು ಓಡಿಸೋರಿಗೆ ಏನು ಸಿಕ್ತು? ನಾನು ಕಾಮರ್ಸ್ ಓದಿದವನು, ಲೆಕ್ಕ ಹಾಕದೆ ಬಿಡಲ್ಲ. ವರ್ಷಕ್ಕೆ 15,000 ಕಿ.ಮೀ. ಓಡಿಸ್ತೀರಿ ಅನ್ಕೊಳ್ಳಿ. ಲೀಟರಿಗೆ 6 ಕೊಡೋ ಕಾರಿಗೆ 2,500 ಲೀಟರ್ ಬೇಕು. 12 ಕೊಟ್ರೆ 1,250 ಸಾಕು. ನೇರ ಅರ್ಧ ಉಳಿತಾಯ. ಈಗ 12ರಿಂದ 18ಕ್ಕೆ ಏರಿಸಿ. ಉಳಿಯೋದು ಸುಮಾರು 417 ಲೀಟರ್ ಮಾತ್ರ! ಏರಿಕೆ ಅಷ್ಟೇ, ಲಾಭ ಮೂರನೇ ಒಂದು ಪಾಲು. ಮೊದಮೊದಲು ಕಾರಿನ ತೂಕ ಇಳಿಸಿದ್ರೆ ಸಾಕಿತ್ತು. ಆಮೇಲೆ ಟರ್ಬೊ, ಹೆಚ್ಚು ಗೇರ್, ಹೈಬ್ರಿಡ್ ಬೇಕಾಯ್ತು. ನಿಯಮ ಬಿಗಿಯಾದಷ್ಟೂ ಶೋರೂಮ್ ಬಿಲ್ ಏರುತ್ತೆ, ಬಂಕ್‌ನ ಉಳಿತಾಯ ಸಣ್ಣದಾಗ್ತಾ ಹೋಗುತ್ತೆ.

ಆದ್ರೆ ಒಂದು ಮಾತು. ನಮ್ಮ ಮನೆಗೆ ಬಂದ ಮೊದಲ ಕಾರು ಸೆಕೆಂಡ್ ಹ್ಯಾಂಡ್. ಹೊಸ ತಂತ್ರಜ್ಞಾನಕ್ಕೆ ಮೊದಲು ದುಡ್ಡು ಕೊಟ್ಟವರು ಬೇರೆ ಯಾರೋ, ಮೈಲೇಜ್ ಅನುಭವಿಸಿದವರು ನಾವು. ಹಳೇ ಕಾರು ಕೊಳ್ಳೋರು ಕಂಪನಿ ಮುಂದೆ ನಿಂತು ‘ಇಂಥದ್ದೇ ಮಾಡಿ’ ಅಂತ ಕೇಳೋಕಾಗಲ್ಲ. ಅವರ ಪರವಾಗಿ ಕೇಳೋದು ಇಂಥ ನಿಯಮ ಮಾತ್ರ.

ಈಗ ಬರೋಣ ಆ ಒಂದು ಪದಕ್ಕೆ. ರೈತರು, ಕೆಲಸಗಾರರು ಟ್ರಕ್ ಬಳಸ್ತಾರೆ ಅಂತ ‘ಲಘು ಟ್ರಕ್’ಗಳಿಗೆ ಕಾನೂನು ಬೇರೆ, ಸಡಿಲ ಗುರಿ ಇಟ್ಟಿತು. 1990ರ ದಶಕದ ಕೊನೆಗೆ ಕಾರಿಗೆ 27.5, ಟ್ರಕ್ಕಿಗೆ 20.7. ಕಂಪನಿಗಳು ಸುಮ್ನೆ ಇರ್ತಾವಾ? ಜೀಪ್ ಚೆರೋಕಿ, ಫೋರ್ಡ್ ಎಕ್ಸ್‌ಪ್ಲೋರರ್ ಥರದ ಎಸ್‌ಯುವಿಗಳು ಕಾಗದದಲ್ಲಿ ಟ್ರಕ್, ಬಳಕೆಯಲ್ಲಿ ಫ್ಯಾಮಿಲಿ ಕಾರ್! ನೋಡೋಕೆ ಪುಟ್ಟ ಕಾರಿನಂತಿದ್ದ ಕ್ರೈಸ್ಲರ್ ಪಿಟಿ ಕ್ರೂಸರ್ ಕೂಡ ಲೆಕ್ಕದಲ್ಲಿ ಟ್ರಕ್ಕೇ. 2000ದ ಆಸುಪಾಸಿಗೆ ಅಲ್ಲಿ ಮಾರಾಟವಾಗ್ತಿದ್ದ ಹೊಸ ವಾಹನಗಳಲ್ಲಿ ಹೆಚ್ಚುಕಡಿಮೆ ಅರ್ಧ ಈ ‘ಟ್ರಕ್’ಗಳೇ. ಪೆಟ್ರೋಲ್ ಉಳಿಸೋಕೆ ಬಂದ ಕಾನೂನು, ಪೆಟ್ರೋಲ್ ಕುಡಿಯೋ ಗಾಡಿಗೆ ಹಿಂಬಾಗಿಲು ತೆರೆದಿಟ್ಟಿತ್ತು. ಇನ್ನು ಆ ದಂಡ? 2025ರ ಜುಲೈನಲ್ಲಿ ಅದನ್ನ ಸೊನ್ನೆ ಡಾಲರ್‌ಗೆ ಇಳಿಸಿದರು. ನಿಯಮ ಪುಸ್ತಕದಲ್ಲಿದೆ, ಹಲ್ಲು ಇಲ್ಲ.

‘ನಮಗೇನು?’ ಅಂತೀರಾ? ನಮ್ಮಲ್ಲೂ 2017ರಿಂದ ಇಂಥದ್ದೇ ನಿಯಮ ಇದೆ. 2022ರಲ್ಲಿ ಬಿಗಿಯಾಯ್ತು. ಭಾರವಾದ ಕಾರು ಮಾರೋ ಕಂಪನಿಗೆ ಇಲ್ಲೂ ಗುರಿ ಸ್ವಲ್ಪ ಸಡಿಲ. 2027ರಿಂದ ಬರಬೇಕಿರೋ ಮೂರನೇ ಹಂತದ ಕರಡು 2025ರ ಸೆಪ್ಟೆಂಬರ್‌ನಲ್ಲಿ ಹೊರಬಿತ್ತು. ಅದರಲ್ಲಿ 909 ಕೆ.ಜಿ. ಒಳಗಿನ ಸಣ್ಣ ಪೆಟ್ರೋಲ್ ಕಾರುಗಳಿಗೆ ರಿಯಾಯಿತಿ ಇತ್ತು. ಕಂಪನಿ ಕಂಪನಿ ನಡುವೆ ಜಗಳ ಶುರುವಾಗೋಕೆ ಅಷ್ಟು ಸಾಕಾಯ್ತು. ಒಂದು ಗೆರೆ ಎಳೆದ್ರೆ ಏನಾಗುತ್ತೆ ಅಂತ ನಾವು ಆಗಲೇ ನೋಡಿದ್ದೀವಿ. 2006ರಲ್ಲಿ 4 ಮೀಟರ್ ಒಳಗಿನ ಸಣ್ಣ ಕಾರಿಗೆ ತೆರಿಗೆ ಕಮ್ಮಿ ಮಾಡಿದ್ರು. ಡಿಕ್ಕಿ ಕತ್ತರಿಸಿದ ಹಾಗಿರೋ ಸೆಡಾನ್‌ಗಳು ಸಾಲುಸಾಲಾಗಿ ಬಂದವು.

ಹಾಗಾಗಿ ಮುಂದಿನ ಸಲ ‘ಹೊಸ ಮೈಲೇಜ್ ನಿಯಮ’ ಅಂತ ಸುದ್ದಿ ಬಂದಾಗ ದೊಡ್ಡಕ್ಷರದ ಗುರಿ ಮಾತ್ರ ನೋಡ್ಬೇಡಿ. ಯಾವುದನ್ನ ಕಾರು ಅಂತಾರೆ, ಯಾರಿಗೆ ವಿನಾಯಿತಿ, ತಪ್ಪಿದ್ರೆ ದಂಡ ಎಷ್ಟು, ಇದನ್ನೂ ಓದಿ. ನಿಮ್ಮ ಮುಂದಿನ ಕಾರು, ಅದರ ಇಎಂಐ, ಎರಡೂ ಅಲ್ಲೇ ತೀರ್ಮಾನ ಆಗೋದು. ಮುಂದಿನ ಸಂಚಿಕೆಯಲ್ಲಿ ಸಿಗೋಣ.