ನಳಿಗೆಯ ಅಡಿಯಲ್ಲಿದ್ದ ಮೂರು ಪದ: ಕಳಸ ಸೀಮೆಯ ಒಂದು ಜೋಡಿ ನಳಿಗೆ ಕೋವಿಯ ಕತೆ

ಹೊರನಾಡಿನಿಂದ ಹೆಬ್ಬಾಳೆ ಸೇತುವೆ ದಾಟಿ ಕಳಸದ ಕಡೆ ಬಂದರೆ, ರಸ್ತೆಯಿಂದ ಒಳಗೆ ಒಂದು ಹಳೆಯ ಮನೆ. ಆಯುಧಪೂಜೆಯ ಹಿಂದಿನ ದಿನ ನಾವು ಹೋದಾಗ ಆ ಮನೆಯ ಅಜ್ಜ ಜಗಲಿಯಲ್ಲಿ ಗೋಣಿ ಹಾಸಿಕೊಂಡು ಕೋವಿ ಒರೆಸುತ್ತಿದ್ದರು. ಜೋಡಿ ನಳಿಗೆ ಕೋವಿ. ಸ್ವಾತಂತ್ರ್ಯ ಬಂದ ಮೇಲೆ ತೋಟ ಮಾರಿ ಊರಿಗೆ ಹೊರಟ ದೊರೆಯೊಬ್ಬನಿಂದ ಅವರ ಅಪ್ಪ ಕೊಂಡದ್ದಂತೆ. ನಳಿಗೆ ಬಿಚ್ಚಿ ಮಗುಚಿದಾಗ ಅಡಿಯಲ್ಲಿ ಸಣ್ಣ ಅಕ್ಷರ ಕಂಡವು. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆವು: 'ನಾಟ್ ಫಾರ್ ಬಾಲ್'.

"ಏನಂತೆ ಅದು?" ಅಂದರು ಅಜ್ಜ.

"ಇದರಲ್ಲಿ ಒಂಟಿ ಗುಂಡು ಹೊಡೀಬಾರ್ದು ಅಂತ ಬರೆದಿದೆ ಅಜ್ಜ."

ಅಜ್ಜ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಕ್ಕರು. ಆ ಕೋವಿಯಲ್ಲಿ ಅವರ ಅಪ್ಪ, ಚಿಕ್ಕಪ್ಪ, ಅವರು ಹೊಡೆದದ್ದೆಲ್ಲ ಹೆಚ್ಚಾಗಿ ಬಾಲ್ ತೋಟಾವೇ.

ಆ ಮೂರು ಪದದ ಹಿಂದೆ ದೊಡ್ಡ ಕತೆಯಿದೆ. 1870ರ ದಶಕದಲ್ಲಿ ಇಂಗ್ಲೆಂಡಿನ ಕೋವಿ ತಯಾರಕರು ನಳಿಗೆಯ ಬಾಯಿಯನ್ನು ತುಸು ಬಿಗಿ ಮಾಡುವುದನ್ನು ರೂಢಿಗೆ ತಂದರು. 1874ರಲ್ಲಿ ಬರ್ಮಿಂಗ್‌ಹ್ಯಾಮಿನ ಗ್ರೀನರ್ ಈ ಕೆಲಸದಲ್ಲಿ ಹೆಸರು ಮಾಡಿದ. ಇದನ್ನೇ ಚೋಕ್ ಅನ್ನುತ್ತೇವೆ. ಪೂರ್ತಿ ಬಿಗಿ ಅಂದರೂ ಸುಮಾರು ಒಂದು ಮಿಲಿಮೀಟರ್ ಅಷ್ಟೆ. ಆದರೆ ಆ ಒಂದು ಮಿಲಿಮೀಟರಿನಿಂದ ಚರೆ ಚದುರದೆ ಗುಂಪಾಗಿ ದೂರ ಹೋಗುತ್ತದೆ. ಹಾರುವ ಹಕ್ಕಿಗೆ ಬಹಳ ಒಳ್ಳೆಯದು. ನಳಿಗೆಯ ಅಗಲಕ್ಕೆ ಸರಿಯಾದ ಒಂದೇ ಸೀಸದ ಗುಂಡು ಹಾಕಿದರೆ ಮಾತ್ರ ಅದು ಬಾಯಿಯಲ್ಲಿ ಇರುಕಿ ನಳಿಗೆ ಉಬ್ಬೀತು, ಸಿಡಿದೀತು. ಅದಕ್ಕೇ ಕೋವಿ ಪರೀಕ್ಷೆ ಮಾಡುವವರು 1875ರಿಂದ ಅಂಥ ನಳಿಗೆಗಳ ಮೇಲೆ 'ನಾಟ್ ಫಾರ್ ಬಾಲ್' ಎಂದು ಒತ್ತುತ್ತಿದ್ದರು. 1887ರಲ್ಲಿ ಅದು ಹೋಗಿ 'ಚೋಕ್' ಎಂಬ ಮುದ್ರೆ ಬಂತು. ಹಾಗಾಗಿ ಅಜ್ಜನ ಕೋವಿಗೆ ನೂರ ಮೂವತ್ತು ವರ್ಷ ದಾಟಿದೆ ಎಂದು ಆ ಅಕ್ಷರಗಳೇ ಹೇಳುತ್ತವೆ. ಕಾಗದಪತ್ರ ಬೇಕಿಲ್ಲ.

ಹನ್ನೆರಡು ಬೋರ್ ಅಂದರೆ ಏನು ಎಂದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ, ನಮಗೂ ಗೊತ್ತಿರಲಿಲ್ಲ. ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಸಮ ಗುಂಡು ಮಾಡಿದರೆ, ಅದರಲ್ಲಿ ಒಂದು ಗುಂಡು ಸರಿಯಾಗಿ ಕೂರುವ ನಳಿಗೆ ಅದು. ಅಗಲ ಸುಮಾರು ಹದಿನೆಂಟೂವರೆ ಮಿಲಿಮೀಟರ್. ಅಂದರೆ ಅಳತೆಯ ಹೆಸರೇ ಒಂಟಿ ಗುಂಡಿನಿಂದ ಬಂದದ್ದು. ಆಮೇಲೆ ಅದೇ ನಳಿಗೆಗೆ ಒಂಟಿ ಗುಂಡು ಬೇಡ ಎಂದು ಬರೆಯುವ ಕಾಲ ಬಂತು!

ಇಂಗ್ಲೆಂಡಿನ ಬಯಲಿನಲ್ಲಿ ಹಕ್ಕಿಗೆಂದು ಮಾಡಿದ ಈ ಕೋವಿ ನಮ್ಮ ಮಲೆನಾಡಿಗೆ ಬಂದಾಗ ಅದರ ಎದುರಿಗೆ ನಿಂತದ್ದು ಕಾಡುಹಂದಿ, ಕಡವೆ, ಕೆಲವೊಮ್ಮೆ ಹುಲಿ. ರಾಬರ್ಟ್ ಎಲಿಯಟ್ ಎಂಬ ತೋಟಗಾರ 1850ರ ದಶಕದಲ್ಲಿ ಪಕ್ಕದ ಮಂಜರಾಬಾದಿಗೆ ಬಂದು ಕಾಫಿ ಹಾಕಿದವನು. 1894ರಲ್ಲಿ ಬಂದ ಅವನ ಪುಸ್ತಕದಲ್ಲಿ ಕಾಫಿಯ ಜೊತೆಗೆ ಹುಲಿ, ಕರಡಿ, ಚಿರತೆ ಬೇಟೆಯೂ ತುಂಬಿದೆ. ಚರೆ ಹಂದಿಯ ಚರ್ಮದಲ್ಲೇ ನಿಲ್ಲುತ್ತದೆ. ಒಂಟಿ ಗುಂಡೇ ಬೇಕು.

ಮೂಡಿಗೆರೆಯಲ್ಲಿದ್ದುಕೊಂಡು ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕತೆಗಳನ್ನು ಓದಿದವರಿಗೆ ಒಂದು ತಪ್ಪು ಕಲ್ಪನೆ ಇರಬಹುದು. ಆಂಡರ್ಸನ್ ಕೈಯಲ್ಲಿದ್ದದ್ದು ವಿಂಚೆಸ್ಟರ್ ರೈಫಲ್. ರೈಫಲಿನ ನಳಿಗೆಯೊಳಗೆ ತಿರುಪಿನಂಥ ಗೆರೆಗಳಿರುತ್ತವೆ, ಗುಂಡು ಬುಗುರಿಯ ಹಾಗೆ ತಿರುಗುತ್ತ ನೇರ ಹೋಗುತ್ತದೆ. ನಮ್ಮ ಮನೆಗಳ ಕೋವಿಯ ನಳಿಗೆ ಒಳಗೆ ನುಣುಪು. ಗುಂಡಿಗೆ ತಿರುಗು ಇಲ್ಲ, ನೆಚ್ಚುವ ಹಾಗೂ ಇಲ್ಲ.

ಜೋಡಿ ನಳಿಗೆಯದು ಇನ್ನೊಂದು ತಕರಾರು. "ಬಲಗಡೆ ನಳಿಗೇಲಿ ಹೊಡೆದ್ರೆ ಗುಂಡು ಒಂದು ಗೇಣು ಬಲಕ್ಕೆ ಹೋಗ್ತದೆ. ಎಡಗಡೇದು ಎಲ್ಲಿಗೆ ಹೋಗ್ತದೆ ಅಂತ ದೇವರಿಗೂ ಗೊತ್ತಿಲ್ಲ" ಅಂದರು ಅಜ್ಜ. ಇದು ಅವರ ಕೋವಿಯ ದೋಷ ಅಲ್ಲ. ಎರಡು ನಳಿಗೆಗಳು ನೋಡಲು ಸಮಾನಾಂತರ ಅನ್ನಿಸಿದರೂ ಬಾಯಿಯ ಕಡೆ ಒಂದಕ್ಕೊಂದು ವಾಲಿಸಿ ಬೆಸೆದಿರುತ್ತಾರೆ. ಬಲ ನಳಿಗೆ ಹಾರಿದಾಗ ಗುಂಡು ಹೊರಬೀಳುವ ಮೊದಲೇ ಕೋವಿ ಬಲಕ್ಕೆ, ಮೇಲಕ್ಕೆ ಒದೆಯುತ್ತದೆ. ಆ ಒದೆತವನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಮಾಡಿದ ವಾಲಿಕೆ ಅದು. ಆದರೆ ಲೆಕ್ಕ ಹಾಕಿದ್ದು ಚರೆಗೆ, ಸುಮಾರು 40 ಗಜ ದೂರಕ್ಕೆ. ಆ ದೂರದಲ್ಲಿ ಪೂರ್ತಿ ಬಿಗಿಯ ನಳಿಗೆ 30 ಇಂಚಿನ ವೃತ್ತದೊಳಗೆ ನೂರಕ್ಕೆ 70 ಚರೆ ಬೀಳಿಸಿದರೆ ಸಾಕು ಎಂದು ಎಣಿಕೆ. ಅಷ್ಟು ಅಗಲದ ಗುಂಪಿನಲ್ಲಿ ಒಂದು ಗೇಣಿನ ತಪ್ಪು ಮುಚ್ಚಿಹೋಗುತ್ತದೆ. ಒಂಟಿ ಗುಂಡಿಗೆ ಆ ಮಾಫಿ ಇಲ್ಲ. ತೋಟಾ ನಿಧಾನದ್ದಾದರೆ ಗುಂಡು ನಳಿಗೆಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಅಷ್ಟರಲ್ಲಿ ಕೋವಿ ಹೆಚ್ಚು ತಿರುಗುತ್ತದೆ: ಬಲದ್ದು ಬಲಕ್ಕೆ, ಎಡದ್ದು ಎಡಕ್ಕೆ. ತೋಟಾ ಜೋರಾದರೆ ಉಲ್ಟಾ, ಎರಡೂ ಅಡ್ಡ ಹಾಯುತ್ತವೆ.

ಇದಕ್ಕೆ ದೊರೆಗಳು ದುಡ್ಡಿನ ಉಪಾಯ ಕಂಡುಕೊಂಡರು. ಫಾಸ್ಬರಿ ಎಂಬ ಸೇನಾಧಿಕಾರಿ, 1863ರಲ್ಲಿ ವಾಯವ್ಯ ಗಡಿಯ ಕದನದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದವನು, 1885ರಲ್ಲಿ ಒಂದು ಹೊಸ ನಳಿಗೆಗೆ ಪೇಟೆಂಟ್ ಪಡೆದ. ನಳಿಗೆಯೆಲ್ಲ ನುಣುಪು, ಬಾಯಿಯ ಹತ್ತಿರದ ಕೆಲವೇ ಇಂಚು ಮಾತ್ರ ರೈಫಲಿನ ಗೆರೆ. ಚರೆಯೂ ಸರಿ, ಗುಂಡೂ ನೂರು ಗಜದವರೆಗೆ ಸರಿ. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಅದನ್ನು 'ಪ್ಯಾರಡಾಕ್ಸ್' ಎಂಬ ಹೆಸರಿನಲ್ಲಿ ಮಾರಿತು. ಜರ್ಮನಿಯ ಬ್ರೆನೆಕೆ 1898ರಲ್ಲಿ ಇನ್ನೊಂದು ದಾರಿ ಹಿಡಿದ: ಕೋವಿ ಬಿಟ್ಟು ಗುಂಡನ್ನೇ ಬದಲಿಸಿದ. ಮುಂದೆ ಭಾರದ ಸೀಸ, ಹಿಂದೆ ಅಂಟಿಸಿದ ಹಗುರದ ಬೆಣೆ. ಬ್ಯಾಡ್ಮಿಂಟನ್ ಕಾಕ್‌ನ ಹಾಗೆ ಅದು ತಲೆ ಮುಂದಾಗಿಯೇ ಹೋಗುತ್ತದೆ.

ನಮ್ಮ ಊರಿನ ಮನೆಗಳಿಗೆ ಇವೆರಡೂ ದೂರದ ಮಾತು. ಅಂಗಡಿಯಲ್ಲಿ ಸಿಕ್ಕಿದ್ದು ಉರುಟು ಬಾಲ್ ತೋಟಾ. ಬಿಗಿ ಬಾಯಲ್ಲೂ ಇರುಕದಿರಲೆಂದು ಆ ಗುಂಡನ್ನು ಸಣ್ಣದಾಗಿಯೇ ಮಾಡಿರುತ್ತಾರೆ. ಅಜ್ಜನ ಮನೆಯ ಕೋವಿ ಇಷ್ಟು ವರ್ಷ ಸಿಡಿಯದೆ ಉಳಿದದ್ದು ಅದರಿಂದಲೇ ಇರಬೇಕು. ಆದರೆ ಸಣ್ಣ ಗುಂಡು ಅಗಲ ನಳಿಗೆಯಲ್ಲಿ ಅತ್ತಿತ್ತ ಬಡಿದುಕೊಂಡು ಹೋಗುತ್ತದೆ. ಜೀವ ಉಳಿಯಿತು, ಗುರಿ ಹೋಯಿತು.

ಆಗ ಮಾಡಿದ್ದೇನು ಎಂದು ಕೇಳಿದೆವು.

ಅಜ್ಜನ ಅಪ್ಪ ಮಾಡಿದ್ದು ಸರಳ ಕೆಲಸ. ಹಲಸಿನ ದಿಮ್ಮಿಗೆ ಪೇಪರ್ ಅಂಟಿಸಿ, 20 ಮಾರು ಹಿಂದೆ ಬಂದು, ಅಕ್ಕಿಮೂಟೆಯ ಮೇಲೆ ಕೋವಿ ಇಟ್ಟು ಒಂದೊಂದೇ ನಳಿಗೆ ಹಾರಿಸಿದರಂತೆ. ಒಂದೇ ಕಂಪನಿಯ ತೋಟಾ. ಎಲ್ಲಿ ಬಿತ್ತು ಎಂದು ಇದ್ದಿಲಲ್ಲಿ ಗುರುತು. ಆಮೇಲಿಂದ ಬಾಲ್ ಯಾವಾಗಲೂ ಬಲ ನಳಿಗೆಗೆ ಮಾತ್ರ, ಎಡಕ್ಕೆ ಎಲ್‌ಜಿ. ಗುರಿ ಹಿಡಿಯುವುದು ಒಂದು ಗೇಣು ಎಡಕ್ಕೆ. ತುದಿಯ ಹಿತ್ತಾಳೆ ಮಣಿ ಮಬ್ಬಿನಲ್ಲಿ ಕಾಣಲೆಂದು ಅದಕ್ಕೆ ಎಲೆಯಡಿಕೆಯ ಸುಣ್ಣ. 20 ಮಾರಿನಾಚೆ ಇರುವ ಹಂದಿಗೆ ಬಾಲ್ ಇಲ್ಲ. ಕೋವಿಗೆ ಅವರು ಅರ ಮುಟ್ಟಿಸಲಿಲ್ಲ, ಕೋವಿಯ ಬುದ್ಧಿಯನ್ನು ತಿಳಿದುಕೊಂಡರು. ನಮಗೆ ಇದು ಪ್ಯಾರಡಾಕ್ಸಿಗಿಂತ ಕಡಿಮೆ ಜಾಣತನ ಅನ್ನಿಸಲಿಲ್ಲ.

ಅರ ಮುಟ್ಟಿಸಿದವರೂ ಇದ್ದರು. ಚೋಕ್ ತೆಗೆಯುತ್ತೇನೆಂದು ನಳಿಗೆಯ ತುದಿಯನ್ನೇ ಗರಗಸದಲ್ಲಿ ಕೊಯ್ದವರು. ಬಿಗಿ ಹೋಗುತ್ತದೆ ನಿಜ. ಜೊತೆಗೆ ಮಣಿಯೂ ಹೋಗುತ್ತದೆ, ವಾಲಿಕೆಯ ಲೆಕ್ಕವೂ ಕೆಡುತ್ತದೆ. ಜೋಡಿ ರೈಫಲ್ ಮಾಡುವ ಕಸುಬುದಾರರು ಬಾಯಿಯ ಬೆಸುಗೆ ಕರಗಿಸಿ, ನಡುವಿನ ಬೆಣೆ ಕೂದಲೆಳೆಯಷ್ಟು ಸರಿಸಿ, ಹಾರಿಸಿ ನೋಡಿ, ಮತ್ತೆ ಕರಗಿಸುತ್ತಾರೆ. ಅದು ದಿನಗಟ್ಟಲೆ ಕೆಲಸ, ಕುಲುಮೆಯಲ್ಲಿ ಆಗುವಂಥದ್ದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ನಳಿಗೆ ಕೊಯ್ಯುವುದು ಅಪರಾಧ ಕೂಡ. ಕಾಡುಹಂದಿಯನ್ನು ಅನುಮತಿಯಿಲ್ಲದೆ ಕೊಲ್ಲುವುದೂ 1972ರ ಕಾಯ್ದೆ ಬಂದ ಮೇಲೆ ಅಪರಾಧವೇ. ಅಜ್ಜ ಬಾಲ್ ಹೊಡೆಯುವುದು ಬಿಟ್ಟು ದಶಕಗಳಾದವು. ಈಗ ಕೋವಿ ಮನೆಯಿಂದ ಹೊರಗೆ ಹೋಗುವುದು ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಲು ಮಾತ್ರ.

ಹೊರಡುವ ಮೊದಲು ಅಜ್ಜ ಚಿಕ್ಕಪ್ಪನ ಸುದ್ದಿ ತೆಗೆದರು. ಗದ್ದೆ ಕಾಯಲು ಹೋಗಿದ್ದ ಚಿಕ್ಕಪ್ಪ ಅವಸರದಲ್ಲಿ ಎಡ ನಳಿಗೆಗೆ ಬಾಲ್ ತುರುಕಿದ್ದರಂತೆ. ಗುಂಡು ಹಂದಿಯ ಹಿಂಗಾಲಿಗೆ ತಾಗಿತು. ಗಾಯದ ಹಂದಿ ಅಟ್ಟಣೆ ಇಳಿದವರ ಮೇಲೇ ನುಗ್ಗಿತು. ಚಿಕ್ಕಪ್ಪ ಬದುಕಿರುವಷ್ಟು ದಿನ ಕುಂಟುತ್ತಲೇ ನಡೆದರು. ಗುರಿ ಬಾರದವನು ಎಂದು ಊರವರು ತಮಾಷೆ ಮಾಡುತ್ತಿದ್ದರು.

ಅಜ್ಜ ನಳಿಗೆ ಮಗುಚಿ ಹಿಡಿದು, "ಇನ್ನೊಂದ್ಸಲ ಓದ್ರಪ್ಪ" ಅಂದರು. ಓದಿದೆವು. ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿ, ಎಣ್ಣೆಬಟ್ಟೆಯಲ್ಲಿ ಒರೆಸಿ, ನಳಿಗೆಯನ್ನು ಮರದ ಹಿಡಿಗೆ ಸೇರಿಸಿದರು. ಮಾರನೇ ದಿನ ಪೂಜೆಗೆ ಅದಕ್ಕೆ ಚೆಂಡುಹೂವಿನ ಸರ ಹಾಕಿದ್ದರು.