ಮೊಣಕೈ ಕೀಲಿನ ಚಿಕಿತ್ಸೆ: ಕಟ್ಟಿನಿಂದ ಕೊಳವೆಗೆ
1948ರಲ್ಲಿ ಶಂಕುಸ್ಥಾಪನೆಯಾದ ಬೆಂಗಳೂರಿನ ಜಯನಗರ ಬಡಾವಣೆ ಬೆಳೆಯುತ್ತ ಬಂದ ದಶಕಗಳಲ್ಲಿ, ಪೆಟ್ಟಾದ ಮೊಣಕೈಗೆ ಬಿದಿರಿನ ದಬ್ಬೆಯಿಟ್ಟು ಬಿಗಿಯುವ ಪುತ್ತೂರು ಕಟ್ಟು ಬೆಂಗಳೂರಿಗರಿಗೆ ಚಿರಪರಿಚಿತವಾಗಿತ್ತಾದರೂ, ವಾರಗಟ್ಟಲೆ ಅಲುಗಾಡದ ಕೀಲು ಮರಗಟ್ಟುವುದು ಅದರ ದೊಡ್ಡ ದೋಷವಾಗಿತ್ತು. ಆಸ್ಪತ್ರೆಯ ಪ್ಲಾಸ್ಟರೂ ಈ ದೋಷದಿಂದ ಮುಕ್ತವಾಗಿರಲಿಲ್ಲವೆಂಬುದನ್ನು ಮರೆಯಲಾಗದು. ಹೀಗೆ ಮರಗಟ್ಟಿದ ಕೀಲನ್ನು ಸಡಿಲಿಸಲೂ ನೆರವಾಗುವ, ಸಣ್ಣ ರಂಧ್ರದಿಂದ ದರ್ಶಕ ಕೊಳವೆಯನ್ನು ಕೀಲಿನೊಳಗೆ ತೂರಿಸುವ ಆರ್ಥ್ರೋಸ್ಕೋಪಿ ವಿಧಾನವು ಮೊಣಕೈಗೆ ತಡವಾಗಿ ಒಗ್ಗಿತು. 1931ರಲ್ಲಿ ನ್ಯೂಯಾರ್ಕಿನ ವೈದ್ಯ ಮೈಕೇಲ್ ಬರ್ಮನ್ ಶವಗಳ ಕೀಲುಗಳನ್ನು ಪರೀಕ್ಷಿಸಿ, ಮೊಣಕೈ ಇದಕ್ಕೆ ತಕ್ಕುದಲ್ಲವೆಂದು ಬರೆದು, ಮರುವರ್ಷವೇ ಆ ನಿಲುವನ್ನು ಸಡಿಲಿಸಿದನು. ಕೀಲು ಇಕ್ಕಟ್ಟಾಗಿದ್ದು, ಮುಖ್ಯ ನರಗಳು ಅದರ ಮಗ್ಗುಲಲ್ಲೇ ಹಾಯುವುದರಿಂದ ಅವನ ಅಳುಕು ನಿರಾಧಾರವಾಗಿರಲಿಲ್ಲ. 1985ರಲ್ಲಿ ಅಮೆರಿಕದ ವೈದ್ಯರಾದ ಆಂಡ್ರ್ಯೂಸ್ ಮತ್ತು ಕಾರ್ಸನ್ ಕ್ರಮಬದ್ಧ ವಿಧಾನವನ್ನು ಪ್ರಕಟಿಸಿದ ಬಳಿಕ ಇದು ಹರಡಿತು. ಸರ್ಕಾರದ ಸಂಜಯ್ ಗಾಂಧಿ ಮೂಳೆ ಆಸ್ಪತ್ರೆಯಿರುವ ಜಯನಗರದಲ್ಲಿಯೂ ಇಂದು, ಇಂತಹ ಚಿಕಿತ್ಸೆಯ ಬಳಿಕ, ಕಟ್ಟಿನ ಬದಲು ಫಿಸಿಯೋಥೆರಪಿಯೇ, ಅಂದರೆ ಬೇಗನೆ ಆರಂಭಿಸುವ ಅಂಗವ್ಯಾಯಾಮವೇ, ಚೇತರಿಕೆಯ ಮುಖ್ಯ ಭಾಗವಾಗಿದೆ.