ಬೂನ್ ಮನೆತನದ ಜಾಡು: ಕ್ವೇಕರ್ ಸಭೆಯ ಕಡತಗಳು

ಅಮೆರಿಕದ ಗಡಿನಾಡಿನ ಅನ್ವೇಷಕ ಡೇನಿಯಲ್ ಬೂನ್ ಹುಟ್ಟಿದ್ದು 1734ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ, ಕ್ವೇಕರ್ ಎಂಬ ಕ್ರೈಸ್ತ ಪಂಗಡಕ್ಕೆ ಸೇರಿದ ಕುಟುಂಬದಲ್ಲಿ. ಇಂಗ್ಲೆಂಡಿನ ಡೆವನ್‌ನಲ್ಲಿ ನೇಕಾರರಾಗಿದ್ದ ತಾತ ಜಾರ್ಜ್ ಬೂನ್ 1717ರಲ್ಲಿ ಸಂಸಾರ ಸಮೇತ ಪೆನ್ಸಿಲ್ವೇನಿಯಾಕ್ಕೆ ಬಂದರು.

ಕ್ವೇಕರರು ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುತ್ತಿರಲಿಲ್ಲ. ಹಾಗಾಗಿ ಇವರ ಹುಟ್ಟು, ಮದುವೆ, ಸಾವುಗಳನ್ನು ಹುಡುಕಬೇಕಾದದ್ದು ಅವರ ಮಾಸಿಕ ಸಭೆಯ ದಫ್ತರಗಳಲ್ಲಿ. ಊರು ಬಿಟ್ಟು ಹೊರಟವರಿಗೆ ಸಭೆ ನಡತೆ ಪತ್ರ ಬರೆದುಕೊಡುತ್ತಿತ್ತು. ಹೋದ ಊರಿನ ಸಭೆ ಅದನ್ನು ದಾಖಲಿಸಿಕೊಳ್ಳುತ್ತಿತ್ತು. ಕಡಲಾಚೆಯ ಬೇರಿಗೂ ಈಚೆಯ ಕೊಂಬೆಗೂ ಕೊಂಡಿ ಸಿಗುವುದು ಇಲ್ಲೇ.

ಮದುವೆ ಪತ್ರವನ್ನಂತೂ ಹತ್ತಿರದಿಂದ ನೋಡಬೇಕು. ಪುರೋಹಿತರಿಲ್ಲದ ಮದುವೆಗೆ ನೆರೆದವರೇ ಸಾಕ್ಷಿ. ಹೆಂಗಸರು, ಗಂಡಸರು ಸಾಲುಸಾಲಾಗಿ ಸಹಿ ಹಾಕಿದ್ದಾರೆ, ಅಕ್ಷರ ಬಾರದವರು ಗುರುತು ಹಾಕಿದ್ದಾರೆ. ವಧೂವರರ ಹೆಸರಿನ ಕೆಳಗೇ ಸಾಮಾನ್ಯವಾಗಿ ಹತ್ತಿರದ ಬಂಧುಗಳ ಸಹಿ. ಇಡೀ ನೆಂಟಸ್ತಿಕೆ ಒಂದೇ ಹಾಳೆಯಲ್ಲಿ!

ತಾರೀಖು ಓದುವಾಗ ಎಚ್ಚರ. ಅನ್ಯದೇವತೆಗಳ ಹೆಸರು ಬೇಡವೆಂದು ಕ್ವೇಕರರು ತಿಂಗಳಿಗೆ ಸಂಖ್ಯೆ ಬರೆಯುತ್ತಿದ್ದರು. 1752ಕ್ಕೆ ಮುಂಚೆ ಮೊದಲ ತಿಂಗಳು ಮಾರ್ಚ್. ಡೇನಿಯಲ್ ಹುಟ್ಟಿದ 8ನೇ ತಿಂಗಳು ಎಂದರೆ ಅಕ್ಟೋಬರ್.

ವಂಶ ಹುಡುಕುವವರಿಗೆ ತಕರಾರಿನ ಪುಟಗಳೇ ದೊಡ್ಡ ನಿಧಿ. ಡೇನಿಯಲ್ ಅವರ ಹಿರಿಯಣ್ಣ ಇಸ್ರೇಲ್ ಕ್ವೇಕರ್ ಅಲ್ಲದ ಹುಡುಗಿಯನ್ನು ಮದುವೆಯಾದಾಗ ತಂದೆ ಸ್ಕ್ವೈರ್ ಬೂನ್ ತಪ್ಪೊಪ್ಪಿಕೊಳ್ಳಲಿಲ್ಲ. 1748ರಲ್ಲಿ ಪೆನ್ಸಿಲ್ವೇನಿಯಾದ ಎಕ್ಸೆಟರ್ ಸಭೆ ಅವರನ್ನು ಹೊರಹಾಕಿತು. ತಾಯಿ ಸಾರಾ ಸದಸ್ಯೆಯಾಗಿಯೇ ಉಳಿದರು. 1750ರಲ್ಲಿ ಕುಟುಂಬ ಉತ್ತರ ಕೆರೊಲಿನಾದ ದಾರಿ ಹಿಡಿಯಿತು.